ವಿಷಕ್ಕೆ ಔಷಧವೆಂದು ಹೆಸರು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಲ್ಕು ಮಾತು ಆಡಬೇಕೆಂದು ಕರೆ ಬಂದಾಗ ನಮಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ನಾವು ಸಾಹಿತಿಗಳಲ್ಲ, ಪಂಡಿತರಲ್ಲ, ಬಿ.ಕಾಂ. ಓದಿ ಈ ಪುಣೆಯ ಒಂದು ಬ್ಯಾಂಕಿನಲ್ಲಿ ಕಾರಕೂನಿಕೆ ಮಾಡಿಕೊಂಡಿರುವವರು. ದಿನವೆಲ್ಲ ಅಂಕಿಗಳ ನಡುವೆ ಕಳೆಯುವವರಿಗೆ ಹಂಪೆಯ ವೈಭವವನ್ನಾಗಲಿ ಪಂಪನ ಕಾವ್ಯವನ್ನಾಗಲಿ ಬಣ್ಣಿಸುವ ಶಕ್ತಿ ಎಲ್ಲಿಂದ ಬರಬೇಕು? ಇದನ್ನೇ ಅರಿಕೆ ಮಾಡಿಕೊಂಡಾಗ ಕಾರ್ಯದರ್ಶಿಗಳು, "ಹಾಗಾದರೆ ನಿಮಗೆ ತಿಳಿದುದನ್ನೇ ಹೇಳಿರಿ" ಎಂದು ಅಪ್ಪಣೆಯಿತ್ತರು. ನಮಗೆ ತಿಳಿದ ವಿಷಯವು ಹಬ್ಬದ ದಿನಕ್ಕೆ ಅಷ್ಟಾಗಿ ಒಪ್ಪುವಂಥದಲ್ಲ. ಆದರೂ ಕನ್ನಡಿಗರು ಒಂದೆಡೆ ಸೇರುವ ದಿನ ಇದಾದುದರಿಂದ, ಇಂದೇ ಅದನ್ನು ಹೇಳದೆ ಇನ್ನೆಂದು ಹೇಳುವುದು? ನಮ್ಮ ಊರಿನ ಹೊಲಗಳಲ್ಲಿ ಬೆಳೆಗೆ ವಿಷ ಸಿಂಪಡಿಸುವ ಕೂಲಿಯಾಳುಗಳ ಮಾತು ಅದು.

ಈ ಸಭೆಯಲ್ಲಿ ಕುಳಿತವರಲ್ಲಿ ಊರ ಕಡೆ ಎರಡೆಕರೆಯೋ ನಾಲ್ಕೆಕರೆಯೋ ಹೊಲ ಉಳಿಸಿಕೊಂಡವರು ಅನೇಕರಿದ್ದೀರಿ. ಕೆಲವರು ಪಾಲಿಗೆ ಕೊಟ್ಟಿದ್ದೀರಿ, ಕೆಲವರು ಅಣ್ಣತಮ್ಮಂದಿರ ವಶಕ್ಕೆ ಬಿಟ್ಟಿದ್ದೀರಿ. ಹಂಗಾಮಿನಲ್ಲಿ ಊರಿನಿಂದ ಫೋನು ಬರುತ್ತದೆ: "ಹುಳ ಬಿದ್ದೈತಿ, ಎಣ್ಣಿ ಹೊಡಸಬೇಕು, ರೊಕ್ಕ ಕಳಸ್ರಿ." ನಾವು ಕುಳಿತಲ್ಲಿಂದಲೇ ರೊಕ್ಕ ಕಳಿಸುತ್ತೇವೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಆ ಎಣ್ಣೆಯನ್ನು ಹೊಡೆಯುವವರು ಯಾರು, ಹೇಗೆ ಹೊಡೆಯುತ್ತಾರೆ, ಹೊಡೆದ ಮೇಲೆ ಅವರ ಗತಿ ಏನು ಎಂದು ಕೇಳಿದವರು ವಿರಳ. ನಾವೂ ಬಹುಕಾಲ ಕೇಳಿರಲಿಲ್ಲ.

ಮೊದಲು ಹೆಸರಿನ ವಿಚಾರವನ್ನೇ ನೋಡೋಣ. ನಮ್ಮ ರಾಯಚೂರಿನ ಕಡೆ ಇದಕ್ಕೆ 'ಎಣ್ಣೆ ಹೊಡೆಯುವುದು' ಎನ್ನುತ್ತಾರೆ. ಮೈಸೂರಿನ ಕಡೆಯವರು 'ಔಷಧಿ ಹೊಡೆಯುವುದು' ಎನ್ನುತ್ತಾರೆ. ಮಲೆನಾಡು ಕರಾವಳಿಗಳಲ್ಲಿ 'ಮದ್ದು ಬಿಡುವುದು' ಎಂದು ಮಾತು. ಎಣ್ಣೆ ಎಂದರೆ ಒಗ್ಗರಣೆಗೆ ಬೇಕಾದುದು. ಔಷಧ, ಮದ್ದು ಎಂದರೆ ರೋಗ ಕಳೆಯತಕ್ಕದ್ದು. ವಿಷವೆಂಬ ಮಾತನ್ನು ಯಾರೂ ಆಡುವುದಿಲ್ಲ. ಬೆಳೆಗೆ ಅದು ಔಷಧವೇ ಇರಬಹುದು. ಆದರೆ ಬೆನ್ನ ಮೇಲೆ ಪಂಪು ಹೊತ್ತು ಅದರ ಮಂಜಿನೊಳಗೆ ನಡೆಯುವವನಿಗೆ ಅದು ಏನು? ಔಷಧವೆಂದು ಕೇಳಿ ಬೆಳೆದವನು ಅದಕ್ಕೆ ಹೆದರುವುದಾದರೂ ಹೇಗೆ?

2017 ರ ದಸರೆಗೆ ನಾವು ಮನೆಯವರೊಂದಿಗೆ ಊರಿಗೆ ಹೋಗಿದ್ದೆವು. ಆ ವರ್ಷ ಹತ್ತಿ ಎದೆಯುದ್ದ ಬೆಳೆದಿತ್ತು; ಹುಳದ ಕಾಟವೂ ಇತ್ತು. ನಮ್ಮ ಹೊಲಕ್ಕೆ ಎಣ್ಣೆ ಹೊಡೆಯಲು ಬಂದವನು ನಮ್ಮ ತಂದೆಯವರ ಕಾಲದಿಂದ ನಮ್ಮಲ್ಲಿ ದುಡಿದವನು. ನಾವು ಚಿಕ್ಕವರಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಒಯ್ದವನು. ಆತನನ್ನು ನಾವು ಕಾಕಾ ಎಂದೇ ಕರೆಯುವುದು. ಹರಕು ಅಂಗಿ, ಮೊಣಕಾಲಿನ ಮೇಲಕ್ಕೆ ಕಟ್ಟಿದ ಧೋತರ, ಬರಿಗಾಲು, ಮೂಗಿಗೆ ಒಂದು ಟವೆಲು. ಎರಡು ಬಾಟಲಿಗಳಿಂದ ಅಳತೆಯಿಲ್ಲದೆ ಬಕೆಟಿಗೆ ಸುರಿದು, ಕಡ್ಡಿಯಿಂದ ಕಲಕಿ, ಕಡ್ಡಿ ಸಾಲದಾದಾಗ ಕೈಯನ್ನೇ ಇಳಿಸಿದ. ನಾವು ಬೇಡವೆಂದದ್ದಕ್ಕೆ ನಕ್ಕು, "ಏನೂ ಆಗಂಗಿಲ್ಲ ಬಿಡ್ರಿ ಸಣ್ಣ ಧಣೇರ, ವರ್ಷಾ ಹೊಡೆಯದ ಐತಲ್ಲ" ಎಂದ. ನಾವೂ ಸುಮ್ಮನಾದೆವು. ಓದಿದವರು ನಾವು, ಬಾಟಲಿಯ ಮೇಲಿನ ಬರಹವನ್ನು ಓದಿ ಹೇಳಬಹುದಾಗಿದ್ದವರು ಆ ಹೊಲದಲ್ಲಿ ನಾವೊಬ್ಬರೇ. ನಾವು ಅದನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ.

ಸಂಜೆಗೆ ಆತನ ಮಗ ಓಡಿಬಂದ. ಹೋಗಿ ನೋಡಿದರೆ ಕಾಕಾನ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು, ವಾಂತಿ, ತೋಳಿನ ಮಾಂಸಖಂಡಗಳು ತಾವೇ ತಾವಾಗಿ ಅದುರುತ್ತಿದ್ದುವು. ಟೆಂಪೋ ಮಾಡಿಕೊಂಡು ತಾಲ್ಲೂಕಿನ ಆಸ್ಪತ್ರೆಗೆ ಒಯ್ದೆವು. ಡಾಕ್ಟರರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಔಷಧ ಹೊಡೆದದ್ದು?" ಯಾರಿಗೂ ಹೆಸರು ಗೊತ್ತಿಲ್ಲ. "ಬಿಳೇ ಎಣ್ಣಿರಿ, ಕೆಂಪು ಮುಚ್ಚಳದ್ದು" ಎಂದು ಮಗ ಹೇಳಿದ. ಬಾಟಲಿಗಳನ್ನು ಕಾಲುವೆಯ ದಂಡೆಯಲ್ಲಿ ಎಸೆದಿದ್ದರು. ರಾತ್ರಿಯಲ್ಲಿ ಮೋಟಾರ್ ಸೈಕಲ್ ಮೇಲೆ ಹೋಗಿ ಹುಡುಕಿ ತಂದದ್ದಾಯಿತು. ಡಾಕ್ಟರರು ಅಷ್ಟರಲ್ಲಿ ಲಕ್ಷಣ ನೋಡಿಯೇ ಚಿಕಿತ್ಸೆ ಆರಂಭಿಸಿದ್ದರು. ಆರು ದಿನಗಳ ಮೇಲೆ ಕಾಕಾ ಮನೆಗೆ ಬಂದ. ಜೀವ ಉಳಿಯಿತು. ಆದರೆ ಭಾರದ ಕೆಲಸ ಆ ಮೇಲೆ ಆತನಿಂದ ಆಗಲಿಲ್ಲ.

ಊರಿನಲ್ಲಿ ಇದಕ್ಕೆ ಜನ ಕೊಟ್ಟ ಕಾರಣವೇನು ಬಲ್ಲಿರಾ? "ಹೊಟ್ಟಿ ಖಾಲಿ ಇತ್ತು, ಉಂಡು ಹೊಡೀಬೇಕಿತ್ತು" ಎಂದರು. ಕಾಕಾನೂ ಅದನ್ನೇ ನಂಬಿದ. ತಪ್ಪು ಹಸಿವಿನದಾಯಿತು, ವಿಷದ್ದಲ್ಲ, ವಿಷ ಕೊಟ್ಟು ಹೊಡೆಯಿರೆಂದ ನಮ್ಮದೂ ಅಲ್ಲ.

ರಜೆ ಮುಗಿಸಿ ಪುಣೆಗೆ ಮರಳಿದಾಗ ಇಲ್ಲಿಯ ಪತ್ರಿಕೆಗಳಲ್ಲಿ ಯವತಮಾಳ ಜಿಲ್ಲೆಯ ಸುದ್ದಿ ಬರುತ್ತಿತ್ತು. ಅದೇ 2017 ರ ಮಳೆಗಾಲದಲ್ಲಿ ಆ ಜಿಲ್ಲೆಯ ಹತ್ತಿಯ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸಿದ 20 ಕ್ಕೂ ಹೆಚ್ಚು ಮಂದಿ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಆಳೆತ್ತರದ ಬೆಳೆ, ಎರಡು ಮೂರು ವಿಷಗಳ ಮಿಶ್ರಣ, ಸಣ್ಣ ಮಂಜಿನಂತೆ ಚಿಮ್ಮುವ ಯಂತ್ರದ ಪಂಪು, ಮೈಮೇಲೆ ರಕ್ಷಣೆಯಿಲ್ಲ. ಓದುತ್ತ ಹೋದಂತೆ ಅದು ನಮ್ಮ ಹೊಲದ ವರ್ಣನೆಯೇ ಎನಿಸಿತು. ಅಲ್ಲಿ ಸತ್ತವರಲ್ಲಿ ಸ್ವಂತ ಹೊಲದವರೂ ಇದ್ದರು, ದಿನಗೂಲಿಯವರೂ ಇದ್ದರು. ಆ ಮೇಲೆ ನಾವು ಈ ವಿಷಯದಲ್ಲಿ ಸಿಕ್ಕಿದ್ದನ್ನು ಓದತೊಡಗಿದೆವು, ಬಲ್ಲವರನ್ನು ಕೇಳತೊಡಗಿದೆವು. ಕಲಿತದ್ದನ್ನು ನಿಮ್ಮ ಮುಂದಿಡುತ್ತೇವೆ.

ವಿಷವು ಮೂಗು ಬಾಯಿಗಳಿಂದಲೇ ಒಳಹೋಗುತ್ತದೆಂದು ನಾವೆಲ್ಲ ಭಾವಿಸಿದ್ದೇವೆ. ಸಿಂಪಡಿಸುವವನ ಮೈಗೆ ಅದು ಹೆಚ್ಚಾಗಿ ಸೇರುವುದು ಚರ್ಮದ ಮೂಲಕ. ಕೈ, ಕತ್ತು, ಬೆನ್ನು, ತೊಡೆಯ ಸಂದು, ಇವೆಲ್ಲ ಅದಕ್ಕೆ ಬಾಗಿಲುಗಳು. ಪಂಪಿನ ಮುಚ್ಚಳ ಸೋರಿದರೆ ಬೆನ್ನು ದಿನವೆಲ್ಲ ನೆನೆಯುತ್ತದೆ. ಮೂಗಿಗೆ ಕಟ್ಟಿದ ಟವೆಲು ಒದ್ದೆಯಾದರೆ ಅದು ರಕ್ಷಣೆಯಾಗುವ ಬದಲು ವಿಷದ ಪಟ್ಟಿಯಾಗಿ ಮುಖಕ್ಕೆ ಅಂಟಿಕೊಂಡಿರುತ್ತದೆ. ಅತಿ ಅಪಾಯದ ಗಳಿಗೆ ಸಿಂಪಡಿಸುವಾಗಿನದಲ್ಲ, ಬೆರೆಸುವಾಗಿನದು; ಏಕೆಂದರೆ ಆಗ ಕೈಯಲ್ಲಿರುವುದು ನೀರು ಸೇರದ ಮೂಲ ದ್ರವ.

ಹತ್ತಿಗೆ ಹೊಡೆಯುವ ಅನೇಕ ವಿಷಗಳು ಆರ್ಗನೋಫಾಸ್ಫರಸ್ ಎಂಬ ಜಾತಿಯವು. ನಮ್ಮ ನರಗಳು ಸ್ನಾಯುವಿಗೆ ಅಪ್ಪಣೆ ಕೊಟ್ಟ ಬಳಿಕ ಆ ಅಪ್ಪಣೆಯನ್ನು ಅಳಿಸಿಹಾಕಲು ಕೋಲಿನೆಸ್ಟರೇಸ್ ಎಂಬ ಒಂದು ಕಿಣ್ವವಿದೆ. ಈ ವಿಷವು ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಪ್ಪಣೆ ಅಳಿಯುವುದಿಲ್ಲ, ಸ್ನಾಯು ಅದುರುತ್ತಲೇ ಇರುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಎದೆಯಲ್ಲಿ ಕಫ ತುಂಬಿ ಉಸಿರು ಕಟ್ಟುತ್ತದೆ. ಇದಕ್ಕೆ ಅಟ್ರೋಪಿನ್ ಎಂಬ ಮದ್ದುಂಟು, ಬೇಗ ಆಸ್ಪತ್ರೆ ಮುಟ್ಟಿದರೆ ಬದುಕುವ ಆಸೆಯುಂಟು. ಎಲ್ಲ ವಿಷಕ್ಕೂ ಹೀಗಿಲ್ಲ. ಕಳೆ ಸುಡುವ ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿಮದ್ದೇ ಇಲ್ಲ. ಆದುದರಿಂದಲೇ ಡಾಕ್ಟರರು ಬಾಟಲಿ ಕೇಳುವುದು.

ಇನ್ನೊಂದು ಮಾತು. ಕಟ್ಟಿಹೋದ ಆ ಕಿಣ್ವವು ಮೈಯಲ್ಲಿ ಮತ್ತೆ ತುಂಬಿಕೊಳ್ಳಲು ವಾರಗಳೇ ಬೇಕು. ಹೊಲದ ಒಡೆಯನು ತನ್ನ ನಾಲ್ಕೆಕರೆಗೆ ಹಂಗಾಮಿನಲ್ಲಿ ಕೆಲವು ಸಲ ಹೊಡೆದು ಮನೆಗೆ ಹೋಗುತ್ತಾನೆ. ಕೂಲಿಯವನು ಇಂದು ನಮ್ಮ ಹೊಲ, ನಾಳೆ ಗೌಡರ ಹೊಲ, ನಾಡಿದ್ದು ಮತ್ತೊಬ್ಬರದು ಎಂದು ತಿಂಗಳುಗಟ್ಟಲೆ ಹೊಡೆಯುತ್ತಾನೆ. ಇಂದಿನ ವಿಷ ಇಳಿಯುವ ಮೊದಲೇ ನಾಳೆಯದು ಏರುತ್ತದೆ. 'ವರ್ಷಾ ಹೊಡೆಯದ ಐತಲ್ಲ' ಎಂಬ ಕಾಕಾನ ಮಾತು ಧೈರ್ಯದ ಮಾತೆಂದು ನಾವು ತಿಳಿದಿದ್ದೆವು. ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ, ಅದು ತೀರದೆ ಬೆಳೆಯುತ್ತಿದ್ದ ಬಾಕಿ.

ತಾಯಂದಿರಿಗೂ ಇದು ಸಂಬಂಧಿಸಿದ್ದೇ. ನೀರು ಹೊತ್ತು ತಂದು ಕೊಡುವವರು ಹೆಂಗಸರು. ಗಂಡನ ವಿಷ ಬಿದ್ದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಬರಿಗೈಯಿಂದ ಒಗೆಯುವವರು ಅವರೇ. ಮರುದಿನ ಅದೇ ಹೊಲದಲ್ಲಿ ಕಳೆ ತೆಗೆಯಲು ಇಳಿಯುವವರೂ ಅವರೇ. ಪಂಪು ಹೊರದಿದ್ದರೂ ವಿಷದಲ್ಲಿ ಅವರ ಪಾಲು ಇದ್ದೇ ಇದೆ.

ಇದಕ್ಕೆ ಕಾಯ್ದೆ ಇಲ್ಲವೆ ಎಂದು ಕೇಳುವಿರಿ. ಇದೆ. 1958 ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆಹಾರವೂ ವಿಷವೂ ಒಂದೇ ಹಡಗಿನಲ್ಲಿ ಬಂದಿದ್ದುವು. ಅದರ ವಿಚಾರಣೆಗೆ ನ್ಯಾಯಮೂರ್ತಿ ಜೆ. ಸಿ. ಶಾ ಅವರ ಆಯೋಗ ನೇಮಕವಾಯಿತು. ಮುಂದೆ 1968 ರಲ್ಲಿ ಕೀಟನಾಶಕ ಕಾಯ್ದೆಯೂ 1971 ರಲ್ಲಿ ಅದರ ನಿಯಮಗಳೂ ಬಂದುವು. ವಿಷವನ್ನು ಹೊಡೆಯುವವರಿಗೆ ತಕ್ಕ ರಕ್ಷಣೆಯ ಉಡುಪು ಇರತಕ್ಕದ್ದೆಂದು ಆ ನಿಯಮಗಳಲ್ಲೇ ಬರೆದಿದೆ. 2018 ರಲ್ಲಿ ಕೇಂದ್ರ ಸರಕಾರವು 18 ಕೀಟನಾಶಕಗಳನ್ನು ನಿಷೇಧಿಸುವ ಆಜ್ಞೆ ಹೊರಡಿಸಿತು. 12 ಕೂಡಲೇ, ಉಳಿದ 6 2020 ರ ಕೊನೆಗೆ. ಕಾಯ್ದೆ ಮಲಗಿಲ್ಲವೆನ್ನಲು ಇಷ್ಟು ಸಾಕು. ಆದರೆ ಕಾಗದದ ಮೇಲಿನ ಉಡುಪು ಕಾಕಾನ ಮೈಮೇಲೆ ಬರಲಿಲ್ಲ.

ರಾಜ್ಯೋತ್ಸವದ ದಿನ ಕಾಸರಗೋಡಿನ ಹೆಸರನ್ನು ನಾವು ಎತ್ತದೆ ಇರುವುದಿಲ್ಲ. 1956 ರಲ್ಲಿ ಅದು ನಮ್ಮಿಂದ ಆಚೆ ಉಳಿಯಿತೆಂದು ಮರುಗುತ್ತೇವೆ. ಅದೇ ಕಾಸರಗೋಡಿನ ಗೇರು ತೋಟಗಳ ಮೇಲೆ 20 ವರ್ಷಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ತೋಟ ಸರಕಾರದ್ದು, ಕೆಳಗೆ ಮನೆ, ಬಾವಿ, ತೊರೆಗಳು ಬಡವರವು. ಪಡ್ರೆಯಂಥ ಹಳ್ಳಿಗಳಲ್ಲಿ ಅಂಗವಿಕಲ ಮಕ್ಕಳು ಹುಟ್ಟುತ್ತಿರುವುದನ್ನು ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ಲೋಕಕ್ಕೆ ತಿಳಿಸಿದರು. ಈಚೆ ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿಯೂ ಅದೇ ಗೋಳು. 2011 ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲೆಲ್ಲ ತಡೆಯಿತು. 2017 ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿತು. ಗಡಿಯ ಗೆರೆಯನ್ನು ಕುರಿತು ನಾವು ವಾದಿಸುತ್ತಿರುವಾಗ ವಿಷವು ಗೆರೆ ನೋಡದೆ ಎರಡೂ ಕಡೆ ಬಿದ್ದಿತ್ತು.

ಈಗ ಭಾಷೆಯ ಮಾತಿಗೆ ಬರೋಣ; ನಾವು ಇಲ್ಲಿ ಸೇರಿರುವುದೇ ಭಾಷೆಗಾಗಿಯಷ್ಟೆ. ವಿಷದ ಪ್ರತಿಯೊಂದು ಡಬ್ಬಿಯ ಮೇಲೂ ವಜ್ರದಾಕಾರದ ಒಂದು ಗುರುತು ಇರುತ್ತದೆ. ಅದರ ಕೆಳಗಿನ ತ್ರಿಕೋನದ ಬಣ್ಣವು ವಿಷದ ತೀವ್ರತೆಯನ್ನು ಹೇಳುತ್ತದೆ. ಕೆಂಪು ಇದ್ದರೆ ಅತ್ಯುಗ್ರ ವಿಷ, ಹಳದಿ ಇದ್ದರೆ ಉಗ್ರ, ನೀಲಿ ಇದ್ದರೆ ಮಧ್ಯಮ, ಹಸಿರು ಇದ್ದರೆ ಅಲ್ಪ. ಹಸಿರೆಂದರೆ ನಿರಪಾಯವೆಂದಲ್ಲ. ನಮ್ಮ ಊರಿನಲ್ಲಿ ವಿಚಾರಿಸಿದಾಗ ಅದು ಕಂಪನಿಯ ಮುದ್ರೆಯೆಂದು ತಿಳಿದವರೇ ಬಹಳ. ಡಬ್ಬಿಯೊಡನೆ ಒಂದು ಕರಪತ್ರವೂ ಇರತಕ್ಕದ್ದು. ಹಿಂದಿ, ಇಂಗ್ಲಿಷ್ ಮತ್ತು ಆ ಸೀಮೆಯ ಒಂದೆರಡು ಭಾಷೆಗಳಲ್ಲಿ ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿಮದ್ದು ಎಲ್ಲವನ್ನೂ ಅದರಲ್ಲಿ ಹೇಳಿರಬೇಕೆಂದು ನಿಯಮ. ಕಾಕಾ ಹೊಡೆದ ಬಾಟಲಿಯ ಕರಪತ್ರವನ್ನು ನಾವು ಆಮೇಲೆ ಬಿಡಿಸಿ ನೋಡಿದೆವು. ಕನ್ನಡ ಇತ್ತು. ಸಾಲದ ಪತ್ರಗಳ ಸಣ್ಣಕ್ಷರ ಓದಿ ಪಳಗಿದ ಕಣ್ಣುಗಳಿಗೂ ಅದು ದುಸ್ಸಾಧ್ಯವಾಗಿತ್ತು. ಓದಿದರೂ ಅರ್ಥವಾಗದ ಕನ್ನಡ ಅದು. ಇನ್ನು ನಮ್ಮ ವಿಜಯಪುರ, ಕಲಬುರಗಿಗಳ ಕಡೆಯಿಂದ ಈ ಮಹಾರಾಷ್ಟ್ರದ ಹೊಲಗಳಿಗೆ ಕೂಲಿಗೆ ಬಂದವರಿಗೆ ಸಿಗುವುದು ಮರಾಠಿಯ ಕರಪತ್ರ. ಅವರಿಗೆ ಅದನ್ನು ಓದಿ ಹೇಳುವವರು ಯಾರು? ತಾಯ್ನುಡಿಯಲ್ಲಿ ಕಾವ್ಯ ಬೇಕು, ಕತೆ ಬೇಕು, ನಿಜ. 'ಇದು ವಿಷ, ಕೈ ಹಾಕಬೇಡ' ಎಂಬ ಒಂದು ವಾಕ್ಯವೂ ದೊಡ್ಡ ಅಕ್ಷರದಲ್ಲಿ ಬೇಕು.

ನಮ್ಮ ಕಸುಬಿನ ಮಾತನ್ನೂ ಒಂದಿಷ್ಟು ಹೇಳಬೇಕು. ನೌಕರಿಯ ಮೊದಲ ವರ್ಷಗಳಲ್ಲಿ ನಾವು ಸೊಲ್ಲಾಪುರ ಜಿಲ್ಲೆಯ ಒಂದು ಹಳ್ಳಿಯ ಶಾಖೆಯಲ್ಲಿದ್ದೆವು. ಬೆಳೆಸಾಲದ ಅರ್ಜಿಗಳು ನಮ್ಮ ಮೇಜಿನ ಮೇಲೆ ಹಾದುಹೋಗುತ್ತಿದ್ದುವು. ಬೀಜಕ್ಕೆ ಇಷ್ಟು, ಗೊಬ್ಬರಕ್ಕೆ ಇಷ್ಟು, ಕೀಟನಾಶಕಕ್ಕೆ ಇಷ್ಟು, ಕೂಲಿಗೆ ಇಷ್ಟು ಎಂದು ಎಕರೆಯ ಲೆಕ್ಕ ಹಾಕಿರುತ್ತಿತ್ತು. ಕೈಗವಸಿಗೆ ಇಷ್ಟು ಎಂದು ಬರೆದದ್ದನ್ನು ನಾವು ಒಮ್ಮೆಯೂ ನೋಡಲಿಲ್ಲ. ಕಾಕಾನ ಆಸ್ಪತ್ರೆಯ ಖರ್ಚು 38,000 ರೂಪಾಯಿ ಆಯಿತು. ಅದನ್ನು ನಾವು ಕೊಟ್ಟೆವು. ಮುಂದಿನ ವರ್ಷ ರಬ್ಬರಿನ ಕೈಗವಸು, ಕಣ್ಣಿಗೆ ಕನ್ನಡಕ, ಮುಖವಾಡ, ಗಮ್‌ಬೂಟು, ತುಂಬುತೋಳಿನ ಅಂಗಿ ಇಷ್ಟನ್ನೂ ಕೊಂಡೆವು. ಎರಡು ಸಾವಿರ ರೂಪಾಯಿಯೊಳಗೆ ಮುಗಿಯಿತು. ಈ ಎರಡು ಅಂಕಿಗಳನ್ನು ಎದುರು ಬದುರು ಇಟ್ಟು ನೋಡಲು ಬಿ.ಕಾಂ. ಬೇಕಾಗಿಲ್ಲ.

ಬಿಸಿಲಿನಲ್ಲಿ ಇಷ್ಟೆಲ್ಲ ತೊಟ್ಟು ಯಾರು ದುಡಿದಾರು ಎಂಬ ಆಕ್ಷೇಪಣೆ ಬರುತ್ತದೆ. ಅದು ಸುಳ್ಳಲ್ಲ. ಮೊದಲ ದಿನ ನಮ್ಮ ಹೊಲದಲ್ಲಿಯೂ ಗಂಟೆಯೊಳಗೆ ಎಲ್ಲವನ್ನೂ ಕಳಚಿಟ್ಟರು. ಆಗ ಹೊತ್ತನ್ನು ಬದಲಿಸಿದೆವು. ಬೆಳಿಗ್ಗೆ ಎಂಟೂವರೆಯೊಳಗೆ, ಇಲ್ಲವೆ ಇಳಿಹೊತ್ತಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು. ದಿನಕ್ಕೆ ಅರ್ಧ ಕೆಲಸ, ಕೂಲಿ ಮಾತ್ರ ಪೂರ್ತಿ. ಹೊಡೆಯುವ ಸರದಿಗಳನ್ನೂ ಕಡಿಮೆ ಮಾಡಿದೆವು. ಪತಂಗ ಹಿಡಿಯುವ ಮೋಹಕ ಬಲೆ ಕಟ್ಟಿ ಹುಳದ ಎಣಿಕೆ ನೋಡಿದ ಮೇಲೆ ಹೊಡೆಯುವುದು, ಆರಂಭದಲ್ಲಿ ಬೇವಿನ ಬೀಜದ ಕಷಾಯ ಬಳಸುವುದು. ಇದಾವುದೂ ನಮ್ಮ ಹೊಸ ಶೋಧವಲ್ಲ. ಕೃಷಿ ವಿಶ್ವವಿದ್ಯಾಲಯದವರು ಹೇಳುತ್ತ ಬಂದದ್ದೇ. ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು ಮೈಮುಟ್ಟುವ ಮೊದಲೇ ವಿಷವನ್ನು ಒಡೆದುಹಾಕುವ ಬಟ್ಟೆಯನ್ನು ಕಂಡುಹಿಡಿದಿದ್ದಾರೆ. ಆ ಬಟ್ಟೆಯ 'ಕಿಸಾನ್ ಕವಚ' 2024 ರ ಡಿಸೆಂಬರಿನಲ್ಲಿ ಸುಮಾರು 4,000 ರೂಪಾಯಿ ಬೆಲೆಗೆ ಹೊರಬಂದಿತು. ತೊಳೆದು ಮತ್ತೆ ಮತ್ತೆ ತೊಡಬಹುದು. ಕನ್ನಡ ನಾಡಿನಲ್ಲಿ ಹುಟ್ಟಿದ ಈ ಕವಚವನ್ನು ಕುರಿತು ರಾಜ್ಯೋತ್ಸವದಲ್ಲಿ ಹೆಮ್ಮೆ ಪಡುವುದು ಸರಿಯೇ. ಹತ್ತು ಮನೆ ಸೇರಿ ಒಂದನ್ನು ಊರಿಗೆ ಕಳಿಸಿದರೆ ಹೆಮ್ಮೆಗೆ ಅರ್ಥವೂ ಬಂದೀತು.

ಖಾಲಿ ಡಬ್ಬಿಯ ಮಾತನ್ನು ಬಿಟ್ಟರೆ ತಪ್ಪಾದೀತು. 2013 ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಉಂಡು 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಬೆರೆತಿತ್ತು. ನಮ್ಮ ಊರುಗಳಲ್ಲಿ ವಿಷದ ಡಬ್ಬಿ ತೊಳೆದು ಸೀಮೆಎಣ್ಣೆಗೋ ನೀರಿಗೋ ಇಡುವ ಮನೆಗಳು ಇಂದಿಗೂ ಇವೆ. ಎರಡಕ್ಕೂ ನಾವು ಎಣ್ಣೆಯೆಂದೇ ಹೆಸರಿಟ್ಟ ಮೇಲೆ ಮಕ್ಕಳಿಗೆ ಭೇದ ತಿಳಿಯುವುದು ಹೇಗೆ?

ಇನ್ನು ನಾವು ಮಾಡಬಹುದಾದುದನ್ನು ಹೇಳಿ ಮುಗಿಸುತ್ತೇವೆ. ಊರಿನಿಂದ ಎಣ್ಣೆಗೆ ರೊಕ್ಕ ಕೇಳಿ ಫೋನು ಬಂದಾಗ ನಾವು ಮೂರು ಪ್ರಶ್ನೆ ಕೇಳೋಣ: ಹೊಡೆಯುವವರು ಯಾರು? ತ್ರಿಕೋನದ ಬಣ್ಣ ಯಾವುದು? ಕೈಗವಸು, ಬೂಟು ಇವೆಯೆ? ಇಲ್ಲವೆಂದರೆ ಅದಕ್ಕೂ ರೊಕ್ಕ ಸೇರಿಸಿ ಕಳಿಸೋಣ. ಕೆಲಸ ಮುಗಿದು, ಸಾಬೂನು ಹಚ್ಚಿ ಮಿಂದು, ಬಟ್ಟೆ ಬದಲಿಸುವವರೆಗೆ ಅನ್ನ ಬೇಡ, ಬೀಡಿ ಬೇಡ, ತಂಬಾಕು ಬೇಡವೆಂದು ಹೇಳಿಸೋಣ. ಬಾಟಲಿಯನ್ನು ಹಂಗಾಮು ಮುಗಿಯುವವರೆಗೆ ಮಕ್ಕಳ ಕೈಗೆ ಸಿಗದಂತೆ ಬೀಗದೊಳಗೆ ಇರಿಸೋಣ. ಖಾಲಿಯಾದುದನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಪಂಪಿಗೇ ಹಾಕಿ, ತೂತು ಮಾಡಿಡೋಣ. ಯಾರಿಗಾದರೂ ತಲೆ ತಿರುಗಿದರೆ, ಜೊಲ್ಲು ಬಂದರೆ, ಬಟ್ಟೆ ಕಳಚಿ ಮೈ ತೊಳೆದು 108 ಕ್ಕೆ ಫೋನು ಮಾಡಿ, ಬಾಟಲಿಯನ್ನು ಜೊತೆಗೇ ಒಯ್ಯುವಂತೆ ತಿಳಿಸೋಣ.

ಸಂಘಕ್ಕೆ ನಮ್ಮದೊಂದು ಬಿನ್ನಹ. ಈ ನಾಲ್ಕು ಸಂಗತಿಗಳನ್ನು ಸುಲಭವಾದ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ತ್ರಿಕೋನದ ಬಣ್ಣಗಳೊಡನೆ ಒಂದು ಹಾಳೆಯಲ್ಲಿ ಅಚ್ಚು ಹಾಕಿಸೋಣ. ಓದಲು ಬಾರದವರಿಗಾಗಿ ಅದನ್ನು ಅವರವರ ಸೀಮೆಯ ಮಾತಿನಲ್ಲಿ ಓದಿ, ಧ್ವನಿ ಮುದ್ರಿಸಿ, ಫೋನಿನಲ್ಲಿ ಕಳಿಸೋಣ. ಈ ನಗರದಲ್ಲಿ ಕಟ್ಟಡದ ಕೆಲಸಕ್ಕೆ ಬಂದು ಮಳೆಗಾಲಕ್ಕೆ ಊರಿಗೆ ಮರಳುವ ನಮ್ಮವರ ಕೈಗೂ ಆ ಹಾಳೆಯನ್ನು ಕೊಡೋಣ. ಅಚ್ಚಿನ ಖರ್ಚಿನ ಲೆಕ್ಕ ಬರೆದಿಡುವ ಕೆಲಸ ನಮ್ಮದು. ಅದೊಂದನ್ನು ನಾವು ತಪ್ಪಿಲ್ಲದೆ ಮಾಡಬಲ್ಲೆವು.

ಕಾಕಾ ಈಗ ನಾಲ್ಕು ಆಡು ಕಾಯ್ದುಕೊಂಡಿದ್ದಾನೆ. ಹೋದ ಸಲ ಊರಿಗೆ ಹೋದಾಗ ನಮ್ಮ ಹೊಲಕ್ಕೆ ಹೊಡೆಯಲು ಬಂದಿದ್ದವನು ಆತನ ಮಗ. ಕೈಗವಸು ಹಾಕಿಕೊಳ್ಳುತ್ತಿದ್ದ ಮಗನಿಗೆ ಕಾಕಾ ದೂರದಿಂದಲೇ ಕೂಗಿ ಹೇಳಿದ: "ಅದು ಎಣ್ಣೆಲ್ಲೋ ತಮ್ಮಾ, ಇಸಾ ಐತಿ, ಇಸಾ." ನಮ್ಮ ಊರಿನಲ್ಲಿ ಆ ವಸ್ತುವನ್ನು ಅದರ ನಿಜವಾದ ಹೆಸರಿನಿಂದ ಕರೆದವರಲ್ಲಿ ಆತನೇ ಮೊದಲಿಗನಿರಬೇಕು.

 ಜಯ ಕರ್ನಾಟಕ.